ಕೀಲಿ ಹಾಕಿದ ಮೇಲೆ ಮನೆಯೊಳಗೆ ಏನಾಗುತ್ತದೆ?

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ. ಈ ಸಲದ ಪತ್ರಗಳೆಲ್ಲ ಮನೆಯಲ್ಲಿ ಒಂಟಿ ಬಿಟ್ಟ ನಾಯಿಗಳ ಬಗ್ಗೆ.

ಪ್ರಶ್ನೆ: ನಮ್ಮದು ಎರಡು ವರ್ಷದ ಮುಧೋಳ ನಾಯಿ, ಹೆಣ್ಣು. ಮಗಳು ಧಾರವಾಡಕ್ಕ ಓದಾಕ ಹೋದ ಮ್ಯಾಲ ಹಗಲೊತ್ತು ಮನ್ಯಾಗ ಯಾರೂ ಇರೂದಿಲ್ಲ. ನಾವಿಬ್ಬರೂ ನೌಕರಿಗೆ ಹೊಂಟ್ವಿ ಅಂದ್ರ ಕದಾ ಕೆರಿತೈತಿ, ಊಳಿಡತೈತಿ ಅಂತ ಬಾಜೂ ಮನಿಯವ್ರು ಹೇಳ್ತಾರ. ಸಂಜಿಗೆ ಬಂದು ನೋಡಿದ್ರ ಕದದ ಕೆಳಗಿನ ಕಟ್ಟಿಗಿ ಕಿತ್ತಿರತೈತಿ, ಪಡಸಾಲ್ಯಾಗ ಉಚ್ಚಿ ಹೊಯ್ದಿರತೈತಿ. ಬೈದ್ರ ಕಿವಿ ಹಿಂದಕ್ಕ ಹಾಕಿ, ತಪ್ಪು ಮಾಡೀನಿ ಅನ್ನೂ ಹಂಗ ಮಾರಿ ಮಾಡತೈತಿ. ಗೊತ್ತಿದ್ದೂ ಮಾಡೂ ಈ ಸಿಟ್ಟಿಗೆ ಮದ್ದೇನು?
— ನವನಗರ, ಬಾಗಲಕೋಟೆ

ಉತ್ತರ: ಮೊದಲು ಬೈಯುವುದನ್ನು ನಿಲ್ಲಿಸಿ. ಕಿವಿ ಹಿಂದಕ್ಕೆ ಹಾಕಿ, ಬಾಲ ಮಡಚಿ, ಮೋರೆ ತಿರುಗಿಸುವುದು ನಿಮ್ಮ ಸಿಟ್ಟು ತಣಿಸಲು ನಾಯಿ ಮಾಡುವ ಸನ್ನೆ. ಬೆಳಿಗ್ಗೆ 10ಕ್ಕೆ ಕಿತ್ತ ಕಟ್ಟಿಗೆಗೂ ಸಂಜೆ 6ಕ್ಕೆ ಬಿದ್ದ ಬೈಗುಳಕ್ಕೂ ಅದು ಗಂಟು ಹಾಕಲಾರದು. ಇವರು ಹೋದರೂ ದಿಗಿಲು, ಬಂದರೂ ದಿಗಿಲು ಎಂದಷ್ಟೇ ಕಲಿಯುತ್ತದೆ. ಮರುದಿನ ಕದ ಇನ್ನಷ್ಟು ಕೆರೆಯುತ್ತದೆ.

ನೀವು ಬರೆದ ಲಕ್ಷಣಗಳು ಅಗಲಿಕೆಯ ದಿಗಿಲಿನವು. ಮನೆಯ ಒಬ್ಬರು ಊರು ಬಿಟ್ಟಾಗ, ಮನೆ ಬದಲಿಸಿದಾಗ, ದುಡಿಮೆಯ ವೇಳೆ ಬದಲಾದಾಗ ಇದು ಶುರುವಾಗುವುದು ಸಾಮಾನ್ಯ. ಹಾನಿ ಎಲ್ಲಿ ಆಗಿದೆ ಎಂಬುದೂ ಸುಳಿವು: ಹೆದರಿದ ನಾಯಿ ನೀವು ಹೊರಬಿದ್ದ ಕದವನ್ನೋ ನೀವು ಕಾಣುತ್ತಿದ್ದ ಕಿಟಕಿಯನ್ನೋ ಹಿಡಿಯುತ್ತದೆ. ಖಚಿತ ಮಾಡಿಕೊಳ್ಳಲು ಹಳೆಯ ಮೊಬೈಲನ್ನು ಕದ ಕಾಣುವಂತೆ ಕಪಾಟಿನ ಮೇಲಿಟ್ಟು, ವಿಡಿಯೊ ಚಾಲೂ ಮಾಡಿ, ಎಂದಿನಂತೆ ಹೊರಡಿ. ಅರ್ಧ ತಾಸಿನ ಚಿತ್ರಣ ಸಾಕು, ಯಾಕೆಂದರೆ ದಿಗಿಲು ಇದ್ದರೆ ಹೆಚ್ಚಾಗಿ ಅಷ್ಟರೊಳಗೇ ತೋರುತ್ತದೆ: ಬಿಸಿಲಿಲ್ಲದಿದ್ದರೂ ಏದುಸಿರು, ಜೊಲ್ಲು, ಅತ್ತಿಂದಿತ್ತ ಓಡಾಟ, ಕುಂಯ್‌ಗುಟ್ಟುವುದು, ಆಮೇಲೆ ಊಳು. ಮೊದಲ ಕುಂಯ್ ಎಷ್ಟನೇ ಸೆಕೆಂಡಿಗೆ ಬಂತು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಕೆಲಸವೆಲ್ಲ ಆ ಅಂಕಿಯ ಮೇಲೆ ನಿಂತಿದೆ.

ಅದು 40 ಸೆಕೆಂಡು ಅಂತಿರಲಿ. ನಿಮ್ಮ ಅಭ್ಯಾಸ 20 ಸೆಕೆಂಡಿನ ಒಳಗೆ ಶುರುವಾಗಬೇಕು. ಹೊರಗೆ ಹೋಗಿ, ಕದ ಎಳೆದುಕೊಂಡು, ಸುಮ್ಮನೆ ನಿಂತು, ನಾಯಿ ಅಂಜುವ ಮೊದಲೇ ಒಳಗೆ ಬನ್ನಿ. ಮುದ್ದಾಟದ ಗದ್ದಲ ಬೇಡ. ಒಂದು ಮಾತು ಆಡಿಸಿ ಕುಳಿತುಕೊಳ್ಳಿ. ನಾಯಿ ತನ್ನ ಕೌದಿಯ ಮೇಲೆ ಮತ್ತೆ ಒರಗುವ ತನಕ, ಒಂದೆರಡು ನಿಮಿಷ ಕಾದು, ಮತ್ತೆ ಹೊರಡಿ. ದಿನಕ್ಕೆ ಒಮ್ಮೆ, 8–10 ಸುತ್ತು ಸಾಕು. ವೇಳೆಯನ್ನು ಮೆಟ್ಟಿಲಿನಂತೆ ಏರಿಸಬೇಡಿ. 10, 20, 5, 25, 15 ಸೆಕೆಂಡು ಎಂದು ಹೆಚ್ಚುಕಡಿಮೆ ಮಾಡಿ, ಇಲ್ಲದಿದ್ದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟ ಎಂಬುದನ್ನೇ ನಾಯಿ ಕಲಿಯುತ್ತದೆ. ನಡುವೆ ಕುಂಯ್ ಎಂದರೆ ನೀವು ಅವಸರ ಮಾಡಿದಿರಿ ಎಂದರ್ಥ. ಮರುದಿನ ಅರ್ಧಕ್ಕೆ ಇಳಿಸಿ.

ಇದರ ಜೊತೆಗೇ ಹೊರಡುವ ಸೂಚನೆಗಳ ಬಿಸಿ ಕಳೆಯಬೇಕು. ಚಾವಿ ಸದ್ದಾದರೆ, ಬ್ಯಾಗು ಹೆಗಲಿಗೇರಿದರೆ ನಿಮ್ಮ ನಾಯಿಗೆ ಆಗಲೇ ಎದೆ ಹೊಡೆದುಕೊಳ್ಳುತ್ತಿರುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ ಚಾವಿ ಎತ್ತಿಕೊಂಡು ಹೋಗಿ ಚಹಾಕ್ಕೆ ಇಡಿ. ಚಪ್ಪಲಿ ಮೆಟ್ಟಿಕೊಂಡು ಕುಳಿತು ಪೇಪರ್ ಓದಿ. ಒಂದೆರಡು ವಾರದಲ್ಲಿ ಚಾವಿಗೆ ತಲೆಯೆತ್ತುವುದು ಕಡಿಮೆಯಾಗುತ್ತದೆ.

ಮೊದಲ 40 ನಿಮಿಷ ಮುಟ್ಟಲು ವಾರಗಟ್ಟಲೆ ಬೇಕು. ಅಲ್ಲಿಂದ 5–10 ನಿಮಿಷದಂತೆ, ಒಂದೂವರೆ ತಾಸು ದಾಟಿದ ಮೇಲೆ ಅರ್ಧರ್ಧ ತಾಸಿನಂತೆ ಹೆಚ್ಚಿಸಬಹುದು. ಒಂದೂವರೆ ತಾಸು ನೆಮ್ಮದಿಯಿಂದ ಇರುವ ನಾಯಿ ಸಾಮಾನ್ಯವಾಗಿ ನಾಲ್ಕು ತಾಸೂ ಇರುತ್ತದೆ. ಕೆಲಸ ಕೆಡುವುದು ಎಲ್ಲಿ ಅಂದರೆ, ಭಾನುವಾರ ಎರಡು ನಿಮಿಷಕ್ಕೆ ತಂದು ಸೋಮವಾರ ಎಂಟು ತಾಸು ಬಿಟ್ಟು ಹೋಗುವಲ್ಲಿ. ಅಭ್ಯಾಸದ ದಿನಗಳಲ್ಲಿ ನಾಯಿಯನ್ನು ಅದರ ಮಿತಿ ಮೀರಿ ಒಂಟಿ ಬಿಡುವಂತಿಲ್ಲ. ಕೇಳಲು ಕಠಿಣ, ಗೊತ್ತು. ರಜೆ ಹಂಚಿಕೊಳ್ಳಿ, ಊರಿಂದ ಅವ್ವನನ್ನು ಕರೆಸಿ, ದೂರು ಹೇಳಿದ ಬಾಜೂ ಮನೆಯವರನ್ನೇ ಕೇಳಿ ನೋಡಿ. ಎಷ್ಟೋ ನಾಯಿಗಳಿಗೆ ಪಡಸಾಲೆಯಲ್ಲಿ ಯಾರಾದರೂ ಒಬ್ಬರು ಕುಳಿತಿದ್ದರೆ ಆಯಿತು, ನೀವೇ ಆಗಬೇಕೆಂದಿಲ್ಲ.

ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹುಡುಕಿ ಬೆನ್ನಟ್ಟಲು ಬೆಳೆಸಿದ ತಳಿ. ಬೆಳಿಗ್ಗೆ 30–40 ನಿಮಿಷ, 10 ಮೀಟರಿನ ಹಗ್ಗದಲ್ಲಿ ಕಾಲು ಬಿಚ್ಚಲಿ. ಬಿಟ್ಟು ಓಡಿಸಿದರೆ ಮೊಲವೋ ಮೇಕೆಯೋ ಕಂಡಾಗ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ. ನೀವು ಹೊರಡುವ ಅರ್ಧ ತಾಸು ಮೊದಲು ಮನೆ ಸೇರಿ, ದಣಿವಾರಲಿ. ಓಟದಿಂದ ದಿಗಿಲು ವಾಸಿಯಾಗದು, ಅಭ್ಯಾಸಕ್ಕೆ ಮೈ ಹದವಾಗುತ್ತದೆ ಅಷ್ಟೆ. ಗದ್ದಲ ಕೇಳಬಾರದೆಂದು ಮಾಳಿಗೆಯ ಮೇಲೆ ಕಟ್ಟುವ ವಿಚಾರವಿದ್ದರೆ ಬಿಡಿ. ನಮ್ಮ ಏಪ್ರಿಲ್–ಮೇ ಬಿಸಿಲಲ್ಲಿ, ಮೊದಲೇ ಏದುಸಿರು ಬಿಡುವ ನಾಯಿಗೆ ಕಾದ ಕಾಂಕ್ರೀಟು ಅಂದರೆ ಉಷ್ಣಾಘಾತ.

ಪ್ರಶ್ನೆ: ಹತ್ತು ತಿಂಗಳ ಲ್ಯಾಬ್ರಡಾರ್ ಐತ್ರಿ. ಮೊಬೈಲ್ ಇಟ್ಟು ನೋಡಿದ್ವಿ. ನಾವು ಹೋದ ಕೂಡ್ಲೆ ಎರಡು ತಾಸು ಆರಾಮ ಮಲಗತೈತಿ. ಆಮ್ಯಾಲ ಎದ್ದು ಸೋಫಾ ಹರದು, ಚಪ್ಪಲಿ ಕಚ್ಚಿ ಚೂರು ಮಾಡತೈತಿ. ಇದೂ ಅಂಜಿಕೀನ?
— ಜಲನಗರ, ವಿಜಯಪುರ

ಉತ್ತರ: ಅಲ್ಲ, ಬೇಸರ. ಎರಡು ತಾಸು ನಿದ್ದೆ ಮಾಡಿದ ನಾಯಿಗೆ ದಿಗಿಲಿಲ್ಲ. ಎಚ್ಚರವಾದ ಮೇಲೆ ಹಲ್ಲಿಗೆ ಕೆಲಸವಿಲ್ಲ, ಸೋಫಾ ಎದುರಿಗಿದೆ. ಚಪ್ಪಲಿ ಕಪಾಟಿಗೆ ಹಾಕಿ, ಬೆಳಗಿನ ತಿರುಗಾಟ ಹೆಚ್ಚಿಸಿ, ಬಾಯಿಗೆ ಕೆಲಸ ಕೊಡಿ. ಒಳಗೆ ಪೊಳ್ಳಿರುವ ಗಟ್ಟಿ ರಬ್ಬರ್ ಆಟಿಗೆ ಸಿಗುತ್ತದೆ. ಅದರೊಳಗೆ ಅನ್ನ, ಮೊಸರು, ಬೇಯಿಸಿದ ತತ್ತಿ ಕಲಸಿ ತುಂಬಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಹೊರಡುವಾಗ ಕೊಟ್ಟರೆ ನೆಕ್ಕಿ ಮುಗಿಸಲು ಸಾಕಷ್ಟು ಹೊತ್ತು ಬೇಕಾಗುತ್ತದೆ. ದಿನದ ಊಟದಲ್ಲಿ ಅಷ್ಟನ್ನು ಕಳೆಯಿರಿ, ಲ್ಯಾಬ್ರಡಾರ್ ಬೇಗ ಊದುವ ಜಾತಿ.

ತುಂಬುವಾಗ ಒಂದು ಎಚ್ಚರ, ನಿಮ್ಮ ಜಿಲ್ಲೆಗೇ ವಿಶೇಷವಾಗಿ: ದ್ರಾಕ್ಷಿ ಮತ್ತು ಮನೂಕ ನಾಯಿಗೆ ವಿಷ. ಮೂತ್ರಪಿಂಡ ಕೆಡುತ್ತದೆ, ಎಷ್ಟು ತಿಂದರೆ ಅಪಾಯವಿಲ್ಲ ಎಂಬ ಲೆಕ್ಕವಿಲ್ಲ. ತಿಂದದ್ದು ಕಂಡರೆ ವಾಂತಿಯಾಗಲಿ ಎಂದು ಕಾಯದೆ ದವಾಖಾನೆಗೆ ಒಯ್ಯಿರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಬೇಡ. ಡಬ್ಬಿಯ ಶೇಂಗಾ ಬೆಣ್ಣೆ ಹಾಕುವುದಾದರೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ, ನಾಯಿಗೆ ವಿಷ) ಇಲ್ಲವೆಂದು ಚೀಟಿ ಓದಿ ನೋಡಿ.

ನವನಗರದವರಿಗೂ ಒಂದು ಮಾತು: ತಿನಿಸು ತುಂಬಿದ ಆಟಿಗೆ ನಿಮ್ಮ ಮುಧೋಳಕ್ಕೂ ಕೊಟ್ಟು ನೋಡಿ. ಸಂಜೆಯವರೆಗೆ ಮುಟ್ಟದೆ ಬಿದ್ದಿದ್ದು, ನೀವು ಬಂದ ಕೂಡಲೆ ಗಬಗಬ ತಿಂದರೆ ಅದು ದಿಗಿಲಿನದೇ ಗುರುತು.

ಪ್ರಶ್ನೆ: ಜೋಡಿಗೆ ಇನ್ನೊಂದು ಮರಿ ತಂದ್ರ ಅಳೂದು ನಿಲ್ಲತೈತೇನು? ಇಲ್ಲಾ ಪಂಜರದಾಗ ಹಾಕ್ಲ್ಯಾ?
— ಮುಧೋಳ

ಉತ್ತರ: ಎರಡೂ ಬೇಡ. ನಾಯಿ ಹಂಬಲಿಸುವುದು ಮನುಷ್ಯರಿಗಾಗಿ. ಇನ್ನೊಂದು ನಾಯಿ ಬಂದರೆ ಬಹಳಷ್ಟು ಸಲ ಊಳಿಡುವವು ಎರಡಾಗುತ್ತವೆ. ದಿಗಿಲಿನ ನಾಯಿಯನ್ನು ಪಂಜರಕ್ಕೆ ಹಾಕಿದರೆ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ.

ಪ್ರಶ್ನೆ: ಔಷಧಿ ಅಂಗಡಿಯವರು ಮನುಷ್ಯರ ನಿದ್ದಿ ಗುಳಿಗಿನ ಅರ್ಧ ಕೊಡ್ರಿ ಅಂದಾರ. ಕೊಡಬಹುದೇನು?
— ಟಿಳಕವಾಡಿ, ಬೆಳಗಾವಿ

ಉತ್ತರ: ಕೊಡಬೇಡಿ. ಮಂಪರು ತರುವ ಗುಳಿಗೆಯಿಂದ ಮೈ ಜಡವಾಗುತ್ತದೆಯೇ ಹೊರತು ಒಳಗಿನ ಅಂಜಿಕೆ ಹಾಗೇ ಉಳಿಯುತ್ತದೆ. ಈ ತೊಂದರೆಗೆ ಬಳಸುವ ಔಷಧ ಬೇರೆ: ಕ್ಲೋಮಿಪ್ರಮಿನ್ ಮತ್ತು ಫ್ಲೂಒಕ್ಸೆಟಿನ್. ಪ್ರಮಾಣವನ್ನು ತೂಕ ನೋಡಿ, ಬೇರೆ ಕಾಯಿಲೆ ಇಲ್ಲವೆಂದು ಪರೀಕ್ಷಿಸಿ ಪಶುವೈದ್ಯರೇ ಬರೆಯಬೇಕು. ಗುಣ ಕಾಣಲು 4–6 ವಾರ ಬೇಕು, ಎಂಟು ದಿನಕ್ಕೆ ಉಪಯೋಗವಿಲ್ಲ ಎಂದು ಬಿಡಬೇಡಿ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಲೂಬಾರದು, ಹಂತಹಂತವಾಗಿ ಇಳಿಸಬೇಕು. ಮಾತ್ರೆಯ ಜೊತೆ ಕದದ ಅಭ್ಯಾಸವೂ ನಡೆದರೆ ಮಾತ್ರ ದುಡ್ಡು ಸಾರ್ಥಕ.

ಪ್ರಶ್ನೆ: ಹನ್ನೊಂದು ವರ್ಷದ ಪಾಮೇರಿಯನ್. ಇಷ್ಟು ವರ್ಷ ಒಂಟಿ ಇರತಿತ್ತು. ಈಗ ಎರಡು ತಿಂಗಳಿಂದ ರಾತ್ರಿ ಎದ್ದು ಕೂಗತೈತಿ, ಮನ್ಯಾಗನ ಉಚ್ಚಿ ಹೊಯ್ತೈತಿ.
— ಜಮಖಂಡಿ

ಉತ್ತರ: ನೀವು ಮನೆಯಲ್ಲಿದ್ದಾಗಲೂ ಹೀಗಾಗುತ್ತಿರುವುದರಿಂದ ಇದನ್ನು ಅಗಲಿಕೆಯ ದಿಗಿಲು ಎನ್ನಲು ಬಾರದು. ಮುಪ್ಪಿನಲ್ಲಿ ಕಣ್ಣು–ಕಿವಿ ಮಂದವಾಗುವುದು, ಕೀಲುನೋವು, ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮೆದುಳಿನ ಮರೆವು ಇವುಗಳಲ್ಲಿ ಯಾವುದೂ ಇರಬಹುದು. ಬೆಳಗಿನ ಮೊದಲ ಮೂತ್ರವನ್ನು ತೊಳೆದು ಒಣಗಿಸಿದ ಸಣ್ಣ ಡಬ್ಬಿಯಲ್ಲಿ ಹಿಡಿದುಕೊಂಡು ಈ ವಾರವೇ ಪಶು ಆಸ್ಪತ್ರೆಗೆ ಹೋಗಿ. ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು ಎರಡು ದಿನ ಅಳೆದು ಬರೆದು ಒಯ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಅಲ್ಲಿಯವರೆಗೆ ನೀರು ಕಡಿಮೆ ಮಾಡಬೇಡಿ, ಅದು ಮಲಗುವ ಜಾಗದಲ್ಲಿ ರಾತ್ರಿ ಸಣ್ಣ ದೀಪ ಹಚ್ಚಿಡಿ.