ರಾತ್ರಿ ಪಾಳಿ ಯಾರದೋ ಅವರ ಕೆಲಸದ ಹತ್ತಿರ ಮನೆ

ಪ್ರಶ್ನೆ: ಕಲಬುರಗಿಯಲ್ಲಿ ಆರು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಯಜಮಾನರಿಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹಗಲು ಪಾಳಿಯ ಕೆಲಸ ಸಿಕ್ಕಿದೆ. ನನ್ನನ್ನು ಮೈಸೂರು ಪೇಟೆಯ ಒಂದು ಆಸ್ಪತ್ರೆ, ಮಂಡ್ಯದ ಒಂದು ನರ್ಸಿಂಗ್ ಹೋಮ್ ಎರಡೂ ಕರೆದಿವೆ. ಮಂಡ್ಯದಲ್ಲಿ ಮೂರು ಸಾವಿರ ಜಾಸ್ತಿ. ಹೆಬ್ಬಾಳದಲ್ಲಿ ಮನೆ ಮಾಡಿ ಓಡಾಡಲೇ? ರಿಜಿಸ್ಟ್ರೇಶನ್ ಬದಲಿಸಬೇಕೇ? ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ? ನಾಲ್ಕು ವರ್ಷದ ಮಗನಿದ್ದಾನೆ.

ಉತ್ತರ: ಮೂರು ಸಾವಿರ ನೋಡಿ ಮನಸ್ಸು ಮಂಡ್ಯದ ಕಡೆ ವಾಲಿದೆ, ಅಲ್ವಾ? ಲೆಕ್ಕ ಹಾಕಿ ನೋಡಿ ತಾಯಿ. ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ, ಅದು ಸರಿ. ಆದರೆ ಬೈಪಾಸ್ ಹಿಡಿದ ನಾನ್‌ಸ್ಟಾಪ್ ಬಸ್ಸು ಮಂಡ್ಯದೊಳಗೆ ಬರುವುದಿಲ್ಲ. ಹೆಬ್ಬಾಳದಿಂದ ಬಸ್ ಸ್ಟ್ಯಾಂಡಿಗೆ ಬರುವುದೇ ಇನ್ನೊಂದು ಪ್ರಯಾಣ. ಎಂಟರ ಡ್ಯೂಟಿಗೆ ಆರಕ್ಕೇ ಮನೆ ಬಿಡಬೇಕು. ರಾತ್ರಿ ಎಂಟಕ್ಕೆ ಮುಗಿದರೂ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಟ್ಟು ಹೊರಡುವಾಗ ಎಂಟೂವರೆ. ಮನೆ ಸೇರುವಷ್ಟರಲ್ಲಿ ಮಗ ಮಲಗಿರುತ್ತಾನೆ.

ಮೈಸೂರನ್ನೇ ಒಪ್ಪಿಕೊಳ್ಳಿ. ಮನೆ ಮಾತ್ರ ಹೆಬ್ಬಾಳದಲ್ಲಿ ಬೇಡ. ಯಜಮಾನರು ಬೆಳಗ್ಗೆ ಹೋಗಿ ಸಂಜೆ ಬರುವವರು, ದೂರ ಅವರಿಗಿರಲಿ. (ಅವರೂ ಇದನ್ನು ಓದುತ್ತಿದ್ದರೆ ಬೇಜಾರು ಮಾಡಿಕೊಳ್ಳಬಾರದು.) ನೀವು ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಹುಡುಕಿ. ಅಗ್ರಹಾರ, ಕೃಷ್ಣಮೂರ್ತಿಪುರಂ ಕಡೆ ಹಳೇ ಮನೆಗಳಿವೆ.

ನನ್ನ ಅಕ್ಕನ ಮಗಳೂ ನರ್ಸೇ. ಮೊದಲ ಮನೆಯನ್ನು ಭಾನುವಾರ ಬೆಳಗ್ಗೆ ನೋಡಿ ಅಡ್ವಾನ್ಸ್ ಕೊಟ್ಟಳು. ಆಮೇಲೆ ಗೊತ್ತಾಯಿತು, ಒಂಬತ್ತೂವರೆಗೆ ಗೇಟಿಗೆ ಬೀಗ. ನೈಟ್ ಮುಗಿಸಿ ಬಂದು ಮಲಗಿದರೆ ಗೋಡೆಯಾಚೆ ಹಿಟ್ಟಿನ ಮಿಲ್ಲು. ಹನ್ನೊಂದಕ್ಕೆ ಮೋಟರ್ ಹಾಕಿದರೆ ಕಿಟಕಿ ಮೇಲಿನ ಲೋಟ ಗಡಗಡ ಅನ್ನುತ್ತಿತ್ತು. ಮೂರೇ ತಿಂಗಳಿಗೆ ಬಿಟ್ಟಳು. ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಅದಕ್ಕೇ ಕೆಲಸದ ದಿನ ಹನ್ನೊಂದಕ್ಕೆ ಒಮ್ಮೆ, ರಾತ್ರಿ ಒಂಬತ್ತೂವರೆ ಮೇಲೆ ಒಮ್ಮೆ ಹೋಗಿ ನೋಡಿ.

ತಿಂಗಳಿಗೆ ಎಷ್ಟು ನೈಟ್, ನೈಟಿನಲ್ಲಿ ಒಬ್ಬರಿಗೆ ಎಷ್ಟು ಬೆಡ್ ಅಂತ ವಾರ್ಡಿನ ಸಿಸ್ಟರ್‌ಗಳನ್ನೇ ಕೇಳಿ, ಆಫೀಸಿನವರನ್ನಲ್ಲ. ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ ವಾಪಸ್ ತನ್ನಿ, ಅಲ್ಲೇ ಬಿಡಬೇಡಿ.

ನಿಮ್ಮ ರಿಜಿಸ್ಟ್ರೇಶನ್ ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನದ್ದೇ ಆದ್ದರಿಂದ ಬದಲಿಸಬೇಕಿಲ್ಲ. ರಿನ್ಯೂವಲ್ ಬಾಕಿ ಇದ್ದರೆ ಮುಗಿಸಿಕೊಂಡು ಬನ್ನಿ.

ರೊಟ್ಟಿ ಊಟಕ್ಕೆ ಮೈಸೂರಿನಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳಿವೆ. ಹಿಟ್ಟು ಮಾತ್ರ ಊರಿಂದಲೇ ತನ್ನಿ. ಇಲ್ಲಿನ ಮಿಲ್ಲುಗಳಲ್ಲಿ ರಾಗಿಯದ್ದೇ ರಾಜ್ಯ.