ವಿಗ್ ತೆಗೆದಿಡಲು ಒಂದು ಜಾಗ

ನನ್ನಲ್ಲಿಗೆ ಬಂದಿದ್ದ ಒಬ್ಬ ಮಹಿಳೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಅವರಿಗೆ 41 ವರ್ಷ, ಬ್ಯಾಂಕ್ ಉದ್ಯೋಗಿ. ನಿದ್ರೆ ಬರುತ್ತಿಲ್ಲ ಎಂದು ನನ್ನಲ್ಲಿಗೆ ಬಂದಿದ್ದರು. ಮೊದಲ ಭೇಟಿಯಲ್ಲಿ ಕೂದಲಿನ ಮಾತೇ ಬರಲಿಲ್ಲ. ಆದರೆ ಮಾತಿನ ನಡುನಡುವೆ ಅವರ ಬಲಗೈ ಕಿವಿಯ ಮೇಲಕ್ಕೆ ಹೋಗಿ, ಎರಡು ಬೆರಳಿನಿಂದ ಏನನ್ನೋ ಕೆಳಕ್ಕೆ ಒತ್ತಿ ಮರಳುತ್ತಿತ್ತು. ಹಣೆಯ ಮೇಲೆ ಬೆವರಿದ್ದರೂ ಫ್ಯಾನ್ ಹಾಕಲು ಬಿಡಲಿಲ್ಲ. ಎರಡನೆಯ ಭೇಟಿಯಲ್ಲಿ ಬಾಗಿಲು ಮುಚ್ಚಿದ ಮೇಲೆ ಹೇಳಿದರು: "ಮೇಡಂ, ಇದು ನನ್ನ ಕೂದಲಲ್ಲ."

ಎರಡು ವರ್ಷಗಳ ಹಿಂದೆ ನೆತ್ತಿಯಲ್ಲಿ ನಾಣ್ಯದಗಲದ ಬೋಳು ಕಾಣಿಸಿಕೊಂಡಿತ್ತು. ಚರ್ಮವೈದ್ಯರು ಅಲೊಪೇಸಿಯಾ ಏರಿಯೇಟಾ ಎಂದರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೂದಲಿನ ಬುಡದ ಮೇಲೆ ಎರಗುವ ಸ್ಥಿತಿ ಇದು. ಅಂಟುರೋಗವಲ್ಲ, ಯಾವುದೋ ಎಣ್ಣೆ ಹಚ್ಚಿದ್ದರಿಂದ ಬಂದದ್ದೂ ಅಲ್ಲ. ಬುಡ ಸಾಯುವುದಿಲ್ಲವಾದ್ದರಿಂದ ಕೂದಲು ಮತ್ತೆ ಹುಟ್ಟಬಹುದು, ಹುಟ್ಟಿದ್ದು ಮತ್ತೆ ಉದುರಲೂಬಹುದು. ಈ ಅತಂತ್ರವೇ ಜನರನ್ನು ಹಣ್ಣು ಮಾಡುತ್ತದೆ.

ಅರ್ಧ ತಲೆ ಬೋಳಾದಾಗ ಅವರು ಗಾಬರಿಯಲ್ಲಿ, ಯಾರಿಗೂ ಹೇಳದೆ, ತಲೆಯ ಅಳತೆಯನ್ನೂ ನೋಡದೆ ಒಂದು ವಿಗ್ ತರಿಸಿಕೊಂಡಿದ್ದರು. ಅಂದಿನಿಂದ ಅದು ಸ್ನಾನದ ಹೊತ್ತಿಗೆ ಬಿಟ್ಟರೆ ತಲೆಯಿಂದ ಇಳಿದಿರಲಿಲ್ಲ. ರಾತ್ರಿಯೂ ಅದನ್ನು ಧರಿಸಿಯೇ ಮಲಗುತ್ತಿದ್ದರು. ಪತಿಗೆ ವಿಷಯ ಗೊತ್ತಿತ್ತು, ಆದರೆ ಬೋಳು ತಲೆಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಹನ್ನೆರಡು ವರ್ಷದ ಮಗಳಿಗೆ ಏನೂ ಗೊತ್ತಿರಲಿಲ್ಲ. ಮಗ್ಗುಲು ಬದಲಿಸಿದರೆ ವಿಗ್ ಜಾರೀತು ಎಂಬ ಭಯದಲ್ಲಿ ರಾತ್ರಿಯಿಡೀ ಅಂಗಾತ ಮಲಗುವವರಿಗೆ ನಿದ್ರೆ ಬರುವುದಾದರೂ ಹೇಗೆ?

ಮೂರನೆಯ ಭೇಟಿಗೆ ಅವರು ಅದನ್ನು ನನ್ನ ಮುಂದೆ ತೆಗೆದರು. ಕಿವಿಯ ಹಿಂದೆ ಚರ್ಮ ಕೆಂಪಗೆ ಸುಲಿದಿತ್ತು. ವಿಗ್ ಅನ್ನು ತಿರುವಿ ಹಿಡಿದು ನೋಡಿದೆ. ಕುತ್ತಿಗೆಯ ಕಡೆಯ ಅಂಚಿನಲ್ಲಿ, ಒಳಗೆ, ಬಿಗಿ ಮಾಡುವ ಎರಡು ಪುಟ್ಟ ಪಟ್ಟಿಗಳಿದ್ದವು. ಒಂದೊಂದರ ತುದಿಯಲ್ಲೂ ಕೊಂಡಿ. ಅವರು ಅವನ್ನು ಎಂದೂ ಗಮನಿಸಿರಲಿಲ್ಲ. ಎರಡನ್ನೂ ಒಂದೊಂದು ಮನೆ ಒಳಕ್ಕೆ ಸಿಕ್ಕಿಸಿ ಕೊಟ್ಟೆ. ತಲೆಗೆ ಇಟ್ಟುಕೊಂಡು, ಅತ್ತಿತ್ತ ಕತ್ತು ತಿರುಗಿಸಿ, ಅಳತೊಡಗಿದರು. ಒಂದೂವರೆ ವರ್ಷ ಆ ಕೊಂಡಿ ಅಲ್ಲೇ ಇತ್ತು. ಕೇಳಲು ಒಬ್ಬರೂ ಇರಲಿಲ್ಲ. ನಾಚಿಕೆ ಮನುಷ್ಯರಿಗೆ ಮಾಡುವ ಅನ್ಯಾಯ ಎಂಥದ್ದು ಎಂದು ನನಗೆ ಅಂದು ಮತ್ತೆ ಅನ್ನಿಸಿತು.

ಹುಣ್ಣಿಗೆ ಚರ್ಮವೈದ್ಯರ ಬಳಿ ಕಳಿಸಿದೆ. ಹೊಸ ವಿಗ್ ಕೊಳ್ಳುವ ಮಾತಿಗೆ ನಾನು ಮೊದಲು ಕೇಳಿದ್ದು, ಅದನ್ನು ಎಲ್ಲಿ ತೆಗೆದಿಡುತ್ತೀರಿ ಎಂದು. ಯಾರ ಮುಂದೆಯೂ ತೆಗೆಯಲಾಗದಿದ್ದರೆ ಎಂಥ ಉತ್ತಮ ವಿಗ್ ಆದರೂ ಸೆರೆಯೇ. ಮಲಗುವಾಗ ತೆಗೆದು, ಮೆತ್ತನೆಯ ಹತ್ತಿಯ ಟೋಪಿ ಹಾಕಿಕೊಳ್ಳುವುದು ಎಂಬುದಷ್ಟೇ ಮೊದಲ ವಾರದ ಕೆಲಸ. ಇನ್ನು ವಿಗ್ ತೆಗೆದೇ ಮಲಗುವೆನೆಂದು ಪತಿಗೆ ಆ ಸಂಜೆಯೇ ಹೇಳುತ್ತೇನೆ ಎಂದರು. ಹೇಳಿದ್ದು ನಾಲ್ಕು ದಿನಗಳ ಮೇಲೆ.

ಅವರಿಗೆ ನೆತ್ತಿಯನ್ನಷ್ಟೇ ಮುಚ್ಚುವ ಟಾಪರ್ ಮೇಲೆ ಆಸೆಯಿತ್ತು. ಹಿಂಬದಿಯಲ್ಲಿ ಸ್ವಂತ ಕೂದಲು ಉಳಿದಿತ್ತಲ್ಲ. ನಾನು ಬೇಡವೆಂದೆ. ಟಾಪರ್ ನಿಲ್ಲುವುದು ಸುತ್ತಲಿನ ಕೂದಲಿಗೆ ಸಿಕ್ಕಿಸುವ ಕ್ಲಿಪ್‌ಗಳ ಮೇಲೆ. ದಿನವೂ ಒಂದೇ ಕಡೆ ಜಗ್ಗಿದರೆ ಗಟ್ಟಿ ಕೂದಲೂ ಸೋಲುತ್ತದೆ. ಇವರದ್ದಂತೂ ಇಂದು ಇರುವ ಕಡೆ ನಾಳೆ ಇಲ್ಲದಿರಬಹುದಾದ ಕೂದಲು. ಗಾಳಿಗೆ ಹಾರೀತೆಂದು ಅಂಟು ಹಚ್ಚಿ ಕೂರಿಸುವ ಯೋಚನೆಯೂ ಇತ್ತು. ಹುಣ್ಣು ಮಾಯುವವರೆಗೆ ಅದರ ಮಾತೇ ಬೇಡ, ಆಮೇಲೂ ಬೇಕೆನಿಸಿದರೆ ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದೆರಡು ದಿನ ಕಾದು ನೋಡಿ ಎಂದೆ. ವಿಗ್ ಕೆಳಗೆ ಕಟ್ಟುವ ವೆಲ್ವೆಟ್ ಪಟ್ಟಿಯೇ ಅವರಿಗೆ ಸಾಕಾಯಿತು.

ನಿಜ ಕೂದಲಿನದ್ದೋ, ಸಿಂಥೆಟಿಕ್ಕೋ? ಎಲ್ಲರೂ ಕೇಳುವ ಪ್ರಶ್ನೆ. ನಿಜ ಕೂದಲಿನದ್ದು ಜೋಪಾನ ಮಾಡಿದರೆ ಒಂದು ವರ್ಷಕ್ಕೂ ಮೀರಿ ಬರುತ್ತದೆ. ಆದರೆ ಪ್ರತಿ ಸಲ ತೊಳೆದಾಗಲೂ ಕೂರಿಸಿ, ಬಾಚಿ, ರೂಪ ಕೊಡಬೇಕು. ಸಿಂಥೆಟಿಕ್ ತೊಳೆದು ಒಣಗಿದರೆ ತಾನಾಗಿಯೇ ಮೊದಲಿನ ಆಕಾರಕ್ಕೆ ಬರುತ್ತದೆ. ದಿನವೂ ಧರಿಸಿದರೆ ಬಾಳಿಕೆ ನಾಲ್ಕರಿಂದ ಆರು ತಿಂಗಳು. ಬಿಸಿ ತಾಕಿದರೆ ಮುಗಿಯಿತು. ಇವರ ಮುಂಗುರುಳು ಸುಟ್ಟ ನೂಲಿನಂತೆ ಮುರುಟಿಕೊಂಡಿತ್ತು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದಾಗ ಹೊಡೆದ ಹಬೆಯ ಕೆಲಸ. ಬೆಳಿಗ್ಗೆ ಬೇಗ ಹೊರಡಬೇಕಾದ ಇವರಿಗೆ ಸಿಂಥೆಟಿಕ್ಕೇ ಸರಿ ಎಂದುಕೊಂಡೆವು. ಭುಜಕ್ಕೆ ಉಜ್ಜಿ ಸಿಕ್ಕಾಗದಂತೆ ಭುಜಕ್ಕಿಂತ ಮೇಲೆಯೇ ನಿಲ್ಲುವ ಉದ್ದ, ಬೈತಲೆಯಲ್ಲಿ ನೆತ್ತಿಯ ಚರ್ಮವೇ ಕಂಡಂತಿರುವ ತೆಳು ಜಾಲರಿಯ ಒಳಟೋಪಿ. ಟೇಪಿನಿಂದ ಹಣೆಯಂಚು, ಕಿವಿಯ ಮೇಲ್ಭಾಗ, ಕುತ್ತಿಗೆಯ ಬುಡ ಸುತ್ತಿಸಿ ಅಳೆದಾಗ 53 ಸೆಂಟಿಮೀಟರ್ ಬಂತು. ಅವರು ಧರಿಸುತ್ತಿದ್ದದ್ದು ದೊಡ್ಡ ತಲೆಗೆ ಮಾಡಿದ್ದು.

ಮಗಳಿಗೆ ಹೇಳುವುದೇ ಕಷ್ಟವಾಯಿತು. ಹೇಳಿದ ಮೇಲೆ ಹುಡುಗಿ ಎರಡು ದಿನ ಮಾತು ಬಿಟ್ಟಳು, ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ. ಮೂರನೆಯ ದಿನ ಕೇಳಿದಳಂತೆ: "ಅಮ್ಮ, ನನಗೂ ಬರುತ್ತದೆಯೇ?" ತಾಯಿ ಉತ್ತರಿಸಲಾಗದೆ ನನಗೆ ಫೋನ್ ಮಾಡಿದರು. ಇಲ್ಲ ಎಂದು ಆಣೆ ಮಾಡಬೇಡಿ ಎಂದೆ. ಈ ತೊಂದರೆಗೆ ವಂಶದ ನಂಟು ಸ್ವಲ್ಪ ಇದೆ, ಆದರೆ ಇದು ಇರುವವರ ಮಕ್ಕಳಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಇದನ್ನು ಇದ್ದಂತೆಯೇ ಹೇಳಿ, ಬಂದರೂ ನಾನಿರುತ್ತೇನೆ ಎಂದು ಸೇರಿಸಿ ಎಂದೆ.

ಕಚೇರಿಗೆ ಅವರು ಈಗಲೂ ವಿಗ್ ಧರಿಸಿಯೇ ಹೋಗುತ್ತಾರೆ. ಅಲ್ಲಿ ಯಾರಿಗೂ ಹೇಳಿಲ್ಲ, ಹೇಳಬೇಕೆಂದು ನಾನು ಒತ್ತಾಯಿಸಿಲ್ಲ. ಮನೆಗೆ ಬಂದೊಡನೆ ತೆಗೆದು ಸ್ಟ್ಯಾಂಡಿಗೆ ಹಾಕುತ್ತಾರೆ. ವಾರ ಹತ್ತು ದಿನಕ್ಕೊಮ್ಮೆ ತಣ್ಣೀರಿನಲ್ಲಿ ತೊಳೆದು, ಹಿಂಡದೆ ಟವೆಲಿನಲ್ಲಿ ಒತ್ತಿ, ಒದ್ದೆಯಿರುವಾಗ ಬಾಚದೆ ಒಣಗಿಸುತ್ತಾರೆ. ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ ಹಿಡಿದು ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವ ಕೆಲಸ ಮಗಳದ್ದು. ಸ್ಟ್ಯಾಂಡ್ ಮೊದಲು ಬೀರುವಿನೊಳಗಿತ್ತು. ಕಳೆದ ಭೇಟಿಯ ಹೊತ್ತಿಗೆ ಅದು ಕಿಟಕಿಯ ಪಕ್ಕದ ಮೇಜಿಗೆ ಬಂದಿದೆ ಎಂದರು.