ಮೈಸೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಮೈಸೂರು, ಹುಬ್ಬಳ್ಳಿ ಮಧ್ಯೆ ನಾನ್ನೂರು ಕಿಲೋಮೀಟರ್ ಕೂಡ ಇಲ್ಲ, ಆದರೂ ವಿಮಾನಕ್ಕೆ ಒಂದು ಗಂಟೆ ಮೇಲೆ ಯಾಕೆ ಬೇಕು ಅಂತ ಕೇಳಿದ್ದೀರಿ. ದೂರದ ಲೆಕ್ಕ ಸರಿಯಾಗೇ ಇದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 385 ಕಿ.ಮೀ. ಬರುತ್ತದೆ.

ಹೊತ್ತು ಹಿಡಿಯುವುದಕ್ಕೆ ಕಾರಣ ಮಂಡಕಳ್ಳಿಯಲ್ಲೇ ಇದೆ. ಅಲ್ಲಿನ ರನ್‌ವೇ 1,740 ಮೀಟರ್ ಮಾತ್ರ. ದೊಡ್ಡ ಏರ್‌ಬಸ್, ಬೋಯಿಂಗ್‌ಗೆ ಅದು ಸಾಲದು. ಉದ್ದ ಮಾಡೋಣ ಅಂದರೆ ಪಕ್ಕದಲ್ಲೇ ನಂಜನಗೂಡು ಹೆದ್ದಾರಿ, ರೈಲು ಹಳಿ. ಹಾಗಾಗಿ ಬರುವುದು ಎಟಿಆರ್ ಅನ್ನುವ, ಪಂಖದಿಂದ ಓಡುವ ಸಣ್ಣ ವಿಮಾನ. ಅದರ ವೇಗ ಗಂಟೆಗೆ ಹೆಚ್ಚೂಕಡಿಮೆ 500 ಕಿ.ಮೀ., ಅದೂ ಮೇಲೆ ಹೋಗಿ ಒಂದು ಮಟ್ಟಕ್ಕೆ ಬಂದ ಮೇಲೆ. ಏರುವಾಗ, ಇಳಿಯುವಾಗ ಅಷ್ಟು ಓಡುವುದಿಲ್ಲ.

ಇನ್ನೊಂದು ವಿಷಯ. ಟಿಕೆಟ್‌ನಲ್ಲಿ ಬರೆಯುವುದು ಬರೀ ಹಾರಾಟದ ಹೊತ್ತಲ್ಲ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಆ ಕಡೆ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ನಾನು 2022ರ ಡಿಸೆಂಬರ್‌ನಲ್ಲಿ ಹೋದಾಗ ಸುಮ್ನೆ ಕುತೂಹಲಕ್ಕೆ ಗಡಿಯಾರ ನೋಡಿಕೊಂಡಿದ್ದೆ. ಬಾಗಿಲು ಹಾಕಿ ಚಕ್ರ ನೆಲ ಬಿಡುವುದಕ್ಕೆ ಹತ್ತು ನಿಮಿಷ. ಗಾಳಿಯಲ್ಲಿ 55. ಇಳಿದು ನಿಲ್ಲುವುದಕ್ಕೆ ಇನ್ನೊಂದು ಐದು. ಪಕ್ಕದಲ್ಲಿದ್ದ ಅಜ್ಜಿ ಚಕ್ಕುಲಿ ಡಬ್ಬಿ ತೆಗೆದು ನನಗೂ ಎರಡು ಕೊಟ್ಟು ಮುಚ್ಚಳ ಹಾಕುವಷ್ಟರಲ್ಲಿ ಬೆಲ್ಟ್ ಹಾಕಿಕೊಳ್ಳಿ ಅಂತ ಮತ್ತೆ ಹೇಳಿದರು.

ಕಿಟಕಿ ಸೀಟು ಸಿಕ್ಕರೆ ಬಿಡಬೇಡಿ. ಎಟಿಆರ್‌ನ ರೆಕ್ಕೆ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡ ಬರುವುದಿಲ್ಲ. ಹತ್ತುವುದು ಹಿಂದಿನ ಬಾಗಿಲಿಂದ, ಮುಂದಿನ ಸೀಟು ಬೇಕು ಅಂತ ದುಡ್ಡು ಕೊಟ್ಟರೆ ಇಳಿಯುವಾಗ ನೀವೇ ಕೊನೆ! ನೇರ ಗೆರೆ ಹಾಸನ, ತರೀಕೆರೆಗಳ ಹತ್ತಿರ ಹಾದು ಹೆಚ್ಚೂಕಡಿಮೆ ಹಾವೇರಿ ಮೇಲೇ ಹೋಗುತ್ತದೆ. ಎಡಗಡೆ ಕೂತರೆ, ಮೋಡ ಇಲ್ಲದ ದಿನ, ನಡುದಾರಿಯಲ್ಲಿ ಭದ್ರಾ ಹಿನ್ನೀರು ಹುಡುಕಿ ನೋಡಿ.

ಆದರೆ ಈ ಎರಡೂರಿನ ಮಧ್ಯೆ ನೇರ ವಿಮಾನವನ್ನೇ ನಂಬಿಕೊಂಡು ಕೆಲಸ ಇಟ್ಟುಕೊಳ್ಳಬೇಡಿ. ಸಣ್ಣ ಊರುಗಳ ಮಾರ್ಗ ಇವತ್ತು ಇರುತ್ತದೆ, ಮುಂದಿನ ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಮೊದಲು ಟಿಕೆಟ್ ನೋಡಿ, ಆಮೇಲೆ ದಿನ ಗೊತ್ತು ಮಾಡಿ. ನೇರ ವಿಮಾನ ಇಲ್ಲದಿದ್ದರೆ ಬೆಂಗಳೂರು ಸುತ್ತಿ ಹೋಗಬೇಕು. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್‌ನಲ್ಲೇ ನಾಲ್ಕು ಗಂಟೆ ಹತ್ತಿರ ಆಗುತ್ತದೆ. ಅಲ್ಲಿಂದ ಚೆಕ್‌ಇನ್, ಕಾಯುವುದು, ಮತ್ತೆ ಒಂದು ಗಂಟೆ ವಿಮಾನ. ಅರ್ಧ ದಿನ ಹೋಯಿತು, ಅಲ್ವಾ?

ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಕೆಲಸ ಇದ್ದರೆ ನಾನಂತೂ ರಾತ್ರಿಯ ರೈಲು ಹತ್ತುತ್ತೇನೆ. ಮಲಗಿ ಎದ್ದರೆ ಊರು ಬಂದಿರುತ್ತದೆ. ಸ್ಲೀಪರ್ ಬೇಗ ತುಂಬುತ್ತದೆ, ಕೆಳಗಿನ ಬರ್ತ್ ಬೇಕಿದ್ದರೆ ವಾರಗಟ್ಟಲೆ ಮುಂಚೆ ಮಾಡಿಸಿಕೊಳ್ಳಿ.